ಪ್ರೋಟಿಸ್ಟ್ ಮತ್ತು ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಕ್ಷ್ಮಜೀವಿಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆಗಳು ಬಂದೇ ಬರುತ್ತವೆ. ಮಕ್ಕಳು ಕೇಳುತ್ತಾರೆ, ಅವರಿಗೆ ಪಾಠ ಹೇಳಿಕೊಡುವ ಅಪ್ಪ ಅಮ್ಮ ಕೇಳುತ್ತಾರೆ, ಪರೀಕ್ಷೆಗೆ ಓದುವವರು ಪತ್ರ ಬರೆದು ಕೇಳುತ್ತಾರೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ಪರಿಚಯ

ಎರಡೂ ಕಣ್ಣಿಗೆ ಕಾಣದವೇ, ಎರಡಕ್ಕೂ ಒಂದೇ ಜೀವಕೋಶ. ಹಾಗಿದ್ದ ಮೇಲೆ ಬೇರೆ ಬೇರೆ ಹೆಸರು ಯಾಕೆ?

ಒಂದು ಲೆಕ್ಕ ಹಾಕೋಣ. ನಿಮ್ಮ ಕೆನ್ನೆಯ ಒಳಗಿನಿಂದ ಕೆರೆದು ತೆಗೆದ ಒಂದು ಜೀವಕೋಶ, ಕೊಳದ ನೀರಿನ ಒಂದು ಅಮೀಬಾ, ಒಂದು ಬ್ಯಾಕ್ಟೀರಿಯಾ. ಮೂರನ್ನೂ ಪಕ್ಕಪಕ್ಕ ಇಟ್ಟು "ಇದರಲ್ಲಿ ಹೊರಗಿನವರು ಯಾರು?" ಅಂತ ಕೇಳಿದರೆ ಹೆಚ್ಚಿನವರು ಕೆನ್ನೆಯ ಕೋಶದ ಕಡೆ ಬೆರಳು ತೋರಿಸುತ್ತಾರೆ. ಸರಿಯಾದ ಉತ್ತರ ಬ್ಯಾಕ್ಟೀರಿಯಾ.

ಅಮೀಬಾ ಒಂದು ಪ್ರೋಟಿಸ್ಟ್. ಅದರ ಡಿಎನ್‌ಎ ನಮ್ಮದರ ಹಾಗೆಯೇ ನ್ಯೂಕ್ಲಿಯಸ್ ಎಂಬ ಪೊರೆಯ ಚೀಲದೊಳಗೆ ಇರುತ್ತದೆ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇದೆ, ಒಳಗಿನ ಸಾಮಾನನ್ನು ಅತ್ತಿಂದಿತ್ತ ಸಾಗಿಸುವ ಪ್ರೋಟೀನಿನ ಎಳೆಗಳಿವೆ. ಬ್ಯಾಕ್ಟೀರಿಯಾದಲ್ಲಿ ನ್ಯೂಕ್ಲಿಯಸ್ ಇಲ್ಲ. ಡಿಎನ್‌ಎ ಸಾಮಾನ್ಯವಾಗಿ ಒಂದು ಉಂಗುರ. ಅದು ಕೋಶದ ನಡುವೆ ಮುದುಡಿಕೊಂಡು ಸುಮ್ನೆ ಬಿದ್ದಿರುತ್ತದೆ. ಮೈಟೋಕಾಂಡ್ರಿಯಾ ಇಲ್ಲ, ಶಕ್ತಿಯ ಕೆಲಸ ಹೊರಪೊರೆಯಲ್ಲೇ ನಡೆಯುತ್ತದೆ. ಪರೀಕ್ಷೆಗೆ ಒಂದೇ ಸಾಲು ಬೇಕು ಅನ್ನುವವರು "ಪ್ರೋಟಿಸ್ಟಿಗೆ ನ್ಯೂಕ್ಲಿಯಸ್ ಇದೆ, ಬ್ಯಾಕ್ಟೀರಿಯಾಕ್ಕೆ ಇಲ್ಲ" ಅಂತ ಬರೆದರೆ ಸಾಕು.

ಸರಿ, ಪ್ರೋಟಿಸ್ಟ್ ಅಂದ್ರೆ ಏನು ಅಂತ ನೆಟ್ಟಗೆ ಹೇಳಿ.

ನ್ಯೂಕ್ಲಿಯಸ್ ಇರುವ ಜೀವಿ, ಆದರೆ ಪ್ರಾಣಿ ಅಲ್ಲ, ಗಿಡ ಅಲ್ಲ, ಶಿಲೀಂಧ್ರವೂ ಅಲ್ಲ. ನೋಡಿದಿರಾ, ಬರೀ "ಅಲ್ಲ"ಗಳೇ. ಎಲ್ಲವನ್ನೂ ವಿಂಗಡಿಸಿದ ಮೇಲೆ ಉಳಿದದ್ದನ್ನು ತುಂಬಿಟ್ಟ ಡಬ್ಬಿ ಇದು. ಅಮೀಬಾ, ಪ್ಯಾರಾಮೀಸಿಯಂ, ಯೂಗ್ಲೀನಾ, ಡಯಾಟಮ್, ಮಲೇರಿಯಾದ ಪ್ಲಾಸ್ಮೋಡಿಯಂ, ಲೋಳೆಲೋಳೆಯಾಗಿ ಹರಿದಾಡುವ ಸ್ಲೈಮ್ ಮೋಲ್ಡ್ ಎಲ್ಲ ಇದರಲ್ಲೇ. ಒಂದೇ ಕೋಶ ಇರಲೇಬೇಕು ಅಂತಲೂ ಇಲ್ಲ. ಸಮುದ್ರದಲ್ಲಿ 40 ಮೀಟರಿಗೂ ಉದ್ದ ಬೆಳೆಯುವ ಕೆಲ್ಪ್ ಎಂಬ ಕಂದು ಪಾಚಿಯನ್ನೂ ಇದೇ ಡಬ್ಬಿಗೆ ಹಾಕುವುದುಂಟು.

ಗಾತ್ರ ನೋಡಿದರೆ ಗೊತ್ತಾಗಲ್ವಾ? ದೊಡ್ಡದು ಪ್ರೋಟಿಸ್ಟ್, ಚಿಕ್ಕದು ಬ್ಯಾಕ್ಟೀರಿಯಾ?

ಬಹುಪಾಲು ಹೌದು. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಅಂದರೆ ಒಂದು ಮೈಕ್ರಾನ್. ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರಾನ್ ಉದ್ದ. ಒಂದು ಪ್ಯಾರಾಮೀಸಿಯಂ 200–300 ಮೈಕ್ರಾನ್. ತಲೆಯಿಂದ ಬಾಲದವರೆಗೆ ಸಾಲಾಗಿ ಮಲಗಿಸಿದರೆ ನೂರಕ್ಕೂ ಹೆಚ್ಚು ಇ. ಕೊಲೈ ಬೇಕು. ಒಳಗೆ ತುಂಬುತ್ತಾ ಹೋದರೆ ಲೆಕ್ಕ ಲಕ್ಷ ದಾಟುತ್ತದೆ.

ಆದರೆ ಇದನ್ನೇ ನಿಯಮ ಅಂದುಕೊಳ್ಳಬೇಡಿ. ಆಸ್ಟ್ರಿಯೋಕಾಕಸ್ ಎಂಬ ಹಸಿರು ಪಾಚಿಯ ಕೋಶ ಒಂದು ಮೈಕ್ರಾನ್ ಆಸುಪಾಸಿನದು, ಅಂದರೆ ಇ. ಕೊಲೈಗಿಂತಲೂ ಗಿಡ್ಡ. ಅಷ್ಟರಲ್ಲೇ ನ್ಯೂಕ್ಲಿಯಸ್, ಒಂದು ಮೈಟೋಕಾಂಡ್ರಿಯಾ, ಒಂದು ಹರಿತ್ತಿನ ಕಣ ಎಲ್ಲ ಅಡಕವಾಗಿವೆ. ಇನ್ನೊಂದು ತುದಿಯಲ್ಲಿ ಥಯೋಮಾರ್ಗರಿಟಾ ಮ್ಯಾಗ್ನಿಫಿಕಾ ಇದೆ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದ ಮ್ಯಾಂಗ್ರೋವ್ ಜೌಗಿನಲ್ಲಿ ಕೊಳೆತ ಎಲೆಗಳ ಮೇಲೆ ಸಿಕ್ಕ ಈ ಬ್ಯಾಕ್ಟೀರಿಯಾ ಸುಮಾರು ಒಂದು ಸೆಂಟಿಮೀಟರ್ ಉದ್ದ. ಬಿಳಿ ದಾರದ ತುಂಡಿನ ಹಾಗೆ ಬರಿಗಣ್ಣಿಗೇ ಕಾಣುತ್ತದೆ. ಅದರ ವಿವರ 2022ರಲ್ಲಿ ಪ್ರಕಟವಾಯಿತು. ಇದು ಡಿಎನ್‌ಎಯನ್ನು ಪುಟ್ಟ ಪುಟ್ಟ ಪೊರೆಚೀಲಗಳಲ್ಲಿ ಬೇರೆ ಇಟ್ಟುಕೊಂಡಿದೆ! ಆದರೂ ಅವು ನ್ಯೂಕ್ಲಿಯಸ್ ಅಲ್ಲ, ವಂಶದಿಂದಲೂ ಇದು ಪಕ್ಕಾ ಬ್ಯಾಕ್ಟೀರಿಯಾ.

ಒಂದು ಹನಿ ನೀರನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಯಾವುದು ಯಾವುದು ಅಂತ ಹೇಗೆ ಹೇಳೋದು?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕೊಳದ ನೀರಿಗೆ ಒಂದು ಹಿಡಿ ಒಣಹುಲ್ಲು ಹಾಕಿ ಒಂದು ವಾರಕ್ಕೂ ಹೆಚ್ಚು ಹಾಗೇ ಬಿಡಿ. ಮೊದಲ ಸಲ ನಾನು ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿಟ್ಟೆ. ಗಾಳಿಯಿಲ್ಲದೆ ಪ್ರೋಟಿಸ್ಟುಗಳೆಲ್ಲ ಸತ್ತು, ನೀರು ಗಬ್ಬು ನಾರತೊಡಗಿತ್ತು. ಹಾಗಾಗಿ ಬಾಯಿ ತೆರೆದೇ ಇಡಿ. ಮೊದಲು ನೀರು ಮಬ್ಬಾಗುತ್ತದೆ, ಮೇಲೆ ತೆಳ್ಳನೆ ಕೆನೆ ಕಟ್ಟುತ್ತದೆ. ಅದು ಬ್ಯಾಕ್ಟೀರಿಯಾ. ಅವನ್ನು ತಿನ್ನಲು ಕೆಲವು ದಿನಗಳ ನಂತರ ಪ್ರೋಟಿಸ್ಟುಗಳು ಏಳುತ್ತವೆ.

ಆ ಕೆನೆಯ ಅಂಚಿನಿಂದ ಒಂದು ಹನಿ ತೆಗೆದು 100 ಪಟ್ಟು ಹಿಗ್ಗಿಸಿ ನೋಡಿ. ಚಪ್ಪಲಿಯಂಥ ಆಕಾರದ್ದು ಒಂದು ತಿರುಗುತ್ತಾ ಬರುತ್ತದೆ. ಹುಲ್ಲಿನ ಎಳೆಗೆ ಡಿಕ್ಕಿ ಹೊಡೆಯುತ್ತದೆ. ತುಸು ಹಿಂದೆ ಸರಿದು, ಮೂತಿ ತಿರುಗಿಸಿ, ಮತ್ತೆ ಮುಂದೆ. ಅದೇ ಪ್ಯಾರಾಮೀಸಿಯಂ. ಹನಿಗೆ ಎರಡು ಎಳೆ ಹತ್ತಿ ಹಾಕಿದರೆ ನಡುವೆ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಆಗ 400 ಪಟ್ಟಿಗೆ ಹೋಗಿ. ಮೈಸುತ್ತ ರೋಮಗಳ ಅಲೆ ಕಾಣುತ್ತದೆ. ಎರಡು ತುದಿಗಳ ಕಡೆ ಒಂದೊಂದು ನಕ್ಷತ್ರ ಇರುತ್ತದೆ. ಆ ನಕ್ಷತ್ರದ ಕಾಲುಗಳು ತುಂಬಿಕೊಳ್ಳುತ್ತವೆ, ನಡುವಿನ ಗುಳ್ಳೆ ಊದುತ್ತದೆ, ಪಟ್ ಅಂತ ಮಾಯವಾಗುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ. ಒಳಗೆ ನುಗ್ಗುವ ನೀರನ್ನು ಹೊರಗೆ ಎರಚುವ ಪಂಪು ಅದು.

ಬ್ಯಾಕ್ಟೀರಿಯಾ ಎಲ್ಲಿ? ಅದೇ ನೋಟದಲ್ಲಿ ಹಿಂದೆ ಮಿಣಮಿಣ ನಡುಗುವ ಚುಕ್ಕೆ, ಸಣ್ಣ ಗೀಟುಗಳಿವೆಯಲ್ಲ, ಅವೇ. ಅವುಗಳ ಒಳಗೆ ಏನೂ ಕಾಣುವುದಿಲ್ಲ. ಚೆನ್ನಾಗಿ ಕಾಣಬೇಕಾದರೆ ಬಣ್ಣ ಹಾಕಿ, ಎಣ್ಣೆ ಬಿಟ್ಟು 1000 ಪಟ್ಟು ಹಿಗ್ಗಿಸಬೇಕು. ಹಾಗಾಗಿ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಒಳಗಿನ ಅಂಗಗಳು ಕಂಡರೆ ಪ್ರೋಟಿಸ್ಟ್, ಬರೀ ಚುಕ್ಕೆ ಗೀಟು ಕಂಡರೆ ಬ್ಯಾಕ್ಟೀರಿಯಾ ಅಂದುಕೊಳ್ಳಿ. ಹತ್ತಕ್ಕೆ ಒಂಬತ್ತು ಸಲ ಸರಿಯಿರುತ್ತೀರಿ.

ನೀಲಿ-ಹಸಿರು ಪಾಚಿಯೂ ಪಾಚಿಯೇ ತಾನೆ? ಅದೂ ಪ್ರೋಟಿಸ್ಟ್ ಆಗಬೇಕಲ್ವಾ?

ಅಲ್ಲ. ಹೆಸರು ಹಳೆಯದು, ಅಷ್ಟೇ. ಅದು ಸೈನೋಬ್ಯಾಕ್ಟೀರಿಯಾ, ನ್ಯೂಕ್ಲಿಯಸ್ ಇಲ್ಲ. ಮಾತ್ರೆಯಾಗಿ ಮಾರುವ ಸ್ಪಿರುಲಿನಾ ಕೂಡ ಬ್ಯಾಕ್ಟೀರಿಯಾವೇ.

ವೈರಸ್ ಇದರಲ್ಲಿ ಎಲ್ಲಿ ಬರುತ್ತೆ?

ಎಲ್ಲೂ ಬರುವುದಿಲ್ಲ. ವೈರಸ್ಸಿಗೆ ಜೀವಕೋಶವೇ ಇಲ್ಲ. ಆದರೆ ಒಂದು ತಮಾಷೆ ಇದೆ. 1992ರಲ್ಲಿ ಅಮೀಬಾದೊಳಗೆ ಸಿಕ್ಕ ಒಂದನ್ನು ಅದರ ಗಾತ್ರ ನೋಡಿ ಬ್ಯಾಕ್ಟೀರಿಯಾ ಅಂತಲೇ ಎತ್ತಿಟ್ಟಿದ್ದರು. ಅದು ದೈತ್ಯ ವೈರಸ್ ಅಂತ ಗೊತ್ತಾಗಿದ್ದು 2003ರಲ್ಲಿ. ಅದೇ ಮಿಮಿವೈರಸ್.

## ತಿನ್ನೋದು, ಓಡಾಡೋದು, ಹೆಚ್ಚೋದು

ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ, ಅಮೀಬಾಕ್ಕೂ ಇಲ್ಲ. ಹಾಗಾದ್ರೆ ತಿನ್ನೋದು ಒಂದೇ ತರಾನಾ?

ಇಲ್ಲ, ಇಲ್ಲೇ ಇಬ್ಬರ ದಾರಿ ಬೇರೆಯಾಗುವುದು. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಗೋಡೆ ಇದೆ. ಏನನ್ನೂ ನುಂಗಲು ಆಗುವುದಿಲ್ಲ. ಜೀರ್ಣರಸವನ್ನು ಹೊರಗೆ ಬಿಟ್ಟು, ಆಹಾರ ಅಲ್ಲೇ ಕರಗಿದ ಮೇಲೆ ಹೀರಿಕೊಳ್ಳುತ್ತದೆ. ಅಮೀಬಾ ಮೈ ಚಾಚಿ ಬ್ಯಾಕ್ಟೀರಿಯಾವನ್ನು ಸುತ್ತುವರಿದು ಇಡಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಜೀರ್ಣ ಆಗುವುದು ಹೊಟ್ಟೆಯಂಥ ಒಂದು ಗುಳ್ಳೆಯೊಳಗೆ. ಪ್ಯಾರಾಮೀಸಿಯಂಗಂತೂ ಬಾಯಿಯ ಜಾಗವೇ ಇದೆ.

ಇದನ್ನು ಕಣ್ಣಾರೆ ನೋಡಬಹುದು. ಯೀಸ್ಟಿಗೆ ಕಾಂಗೋ ರೆಡ್ ಎಂಬ ಬಣ್ಣ ಹಚ್ಚಿ ಪ್ಯಾರಾಮೀಸಿಯಂಗೆ ತಿನ್ನಿಸಿ. ಗುಳ್ಳೆಗಳು ಮೊದಲು ಕೆಂಪಗೆ ಇರುತ್ತವೆ. ಒಳಗೆ ಆಮ್ಲ ಸೇರುತ್ತಿದ್ದಂತೆ ನೀಲಿಗೆ ತಿರುಗುತ್ತವೆ. ನಮ್ಮ ಹೊಟ್ಟೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ ಕೆಲಸ.

ಎಲ್ಲ ಪ್ರೋಟಿಸ್ಟುಗಳೂ ನುಂಗುವುದಿಲ್ಲ. ಡಯಾಟಮ್‌ಗಳು ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತವೆ. ಇಡೀ ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇವುಗಳದೇ.

ಎರಡಕ್ಕೂ ಬಾಲ ಇರುತ್ತೆ, ಎರಡೂ ಈಜುತ್ತವೆ. ಬಾಲ ಒಂದೇನಾ?

ಪುಸ್ತಕದಲ್ಲಿ ಎರಡಕ್ಕೂ ಕಶಾಂಗ ಅಂತಲೇ ಬರೆದಿರುತ್ತಾರೆ. ನನ್ನ ಮಟ್ಟಿಗೆ ಇದು ಬೇಡದ ಗೊಂದಲ. ಬ್ಯಾಕ್ಟೀರಿಯಾದ ಬಾಲ ಬಡಿಯುವುದಿಲ್ಲ, ತಿರುಗುತ್ತದೆ. ಬುಡದಲ್ಲಿ ನಿಜವಾದ ಮೋಟರ್ ಇದೆ. ಇ. ಕೊಲೈಯಲ್ಲಿ ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ಹಾಕಬಲ್ಲದು. ಬಾಲದ ದಪ್ಪ ಒಂದು ಮೈಕ್ರಾನಿನ ಐವತ್ತರಲ್ಲಿ ಒಂದು ಪಾಲು.

ಪ್ರೋಟಿಸ್ಟಿನ ಬಾಲ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದಪ್ಪ. ಅದು ಚಾಟಿಯ ಹಾಗೆ ಬಳುಕುತ್ತದೆ. ಅಡ್ಡಡ್ಡ ಕತ್ತರಿಸಿ ನೋಡಿದರೆ ಸುತ್ತಲೂ ಒಂಬತ್ತು ಜೋಡಿ ಕೊಳವೆ, ನಡುವೆ ಎರಡು. ಮನುಷ್ಯರ ವೀರ್ಯಾಣುವಿನ ಬಾಲದಲ್ಲೂ, ನಮ್ಮ ಶ್ವಾಸನಾಳದ ಒಳಗಿನ ರೋಮಗಳಲ್ಲೂ ಇದೇ ಒಂಬತ್ತು ಮತ್ತು ಎರಡರ ಜೋಡಣೆ.

ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾಗುತ್ತೆ ಅಂತಾರೆ. ಪ್ರೋಟಿಸ್ಟ್?

ಆ 20 ನಿಮಿಷ ಇ. ಕೊಲೈಗೆ ಎಲ್ಲ ಅನುಕೂಲ ಸಿಕ್ಕಾಗಿನ ಮಾತು. ಪ್ಯಾರಾಮೀಸಿಯಂ ದಿನಕ್ಕೆ ಎರಡು ಮೂರು ಸಲ ಒಡೆದರೆ ಹೆಚ್ಚು. ನಕಲು ಮಾಡಬೇಕಾದ ಸಾಮಾನು ಜಾಸ್ತಿ, ಅಷ್ಟೇ.

ಸ್ವಾರಸ್ಯ ಇರುವುದು ಕೂಡುವಿಕೆಯಲ್ಲಿ. ಎರಡು ಪ್ಯಾರಾಮೀಸಿಯಂ ಪಕ್ಕಪಕ್ಕ ಅಂಟಿಕೊಂಡು ತಮ್ಮ ಚಿಕ್ಕ ನ್ಯೂಕ್ಲಿಯಸ್ಸಿನ ಅರ್ಧ ಪಾಲನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಹೌದು, ಅದಕ್ಕೆ ದೊಡ್ಡದೊಂದು, ಚಿಕ್ಕದೊಂದು ಎರಡು ಬಗೆಯ ನ್ಯೂಕ್ಲಿಯಸ್. ಆಮೇಲೆ ಬೇರೆಯಾಗುತ್ತವೆ. ಆ ಹೊತ್ತಿಗೆ ಹೋದದ್ದು ಎರಡು, ಬಂದದ್ದೂ ಎರಡೇ. ಮರಿ ಇಲ್ಲ! ಬ್ಯಾಕ್ಟೀರಿಯಾದಲ್ಲಿ ಇಂಥ ಸಮಪಾಲಿನ ವ್ಯವಹಾರ ಇಲ್ಲ. ಒಂದು ಕೋಶ ಇನ್ನೊಂದಕ್ಕೆ ಡಿಎನ್‌ಎ ತುಂಡೊಂದನ್ನು ದಾಟಿಸುತ್ತದೆ, ಅದೂ ಒಂದೇ ದಿಕ್ಕಿಗೆ. ಪಡೆಯುವ ಕೋಶ ಬೇರೆ ಜಾತಿಯದಾದರೂ ನಡೆಯುತ್ತದೆ. ಔಷಧಿಗೆ ಬಗ್ಗದ ಗುಣ ಒಂದರಿಂದ ಒಂದಕ್ಕೆ ಹಬ್ಬುವುದು ಹೀಗೇ.

## ಕಾಯಿಲೆ, ಔಷಧಿ, ನೀರು

ಯಾವ ಕಾಯಿಲೆ ಯಾವುದರಿಂದ ಬರುತ್ತೆ?

ಕ್ಷಯ, ಕಾಲರಾ, ಟೈಫಾಯ್ಡ್, ಧನುರ್ವಾಯು, ಕುಷ್ಠ, ಪ್ಲೇಗ್ ಇವು ಬ್ಯಾಕ್ಟೀರಿಯಾದವು. ಮಲೇರಿಯಾ, ಕಾಲಾ ಅಜಾರ್, ಆಫ್ರಿಕಾದ ನಿದ್ರೆ ರೋಗ ಪ್ರೋಟಿಸ್ಟಿನವು. ಆಮಶಂಕೆ ಮಾತ್ರ ಎರಡರಿಂದಲೂ ಬರುತ್ತದೆ. ಒಂದು ಶಿಗೆಲ್ಲಾ ಬ್ಯಾಕ್ಟೀರಿಯಾದ್ದು, ಇನ್ನೊಂದು ಎಂಟಮೀಬಾದ್ದು. ಲಕ್ಷಣ ನೋಡಿ ಬೇರ್ಪಡಿಸುವುದು ಕಷ್ಟ, ಮಲ ಪರೀಕ್ಷೆ ಮಾಡಿಸಲು ಹೇಳುವುದು ಅದಕ್ಕೇ.

ಮಲೇರಿಯಾದ ಕಥೆ ಈ ಪುಟಕ್ಕೇ ಹೇಳಿ ಮಾಡಿಸಿದಂತಿದೆ. 1879ರಲ್ಲಿ ಇಬ್ಬರು ವಿಜ್ಞಾನಿಗಳು ಮಲೇರಿಯಾದ ಬ್ಯಾಕ್ಟೀರಿಯಾ ಸಿಕ್ಕಿತು ಅಂತ ಘೋಷಿಸಿ ಅದಕ್ಕೊಂದು ಹೆಸರನ್ನೂ ಇಟ್ಟರು. ಆ ಕಾಲದಲ್ಲಿ ಎಲ್ಲ ರೋಗಕ್ಕೂ ಬ್ಯಾಕ್ಟೀರಿಯಾ ಹುಡುಕುವ ಹುಮ್ಮಸ್ಸು. ಮರುವರ್ಷ, 1880ರಲ್ಲಿ, ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಒಬ್ಬ ಸೈನಿಕನ ಹಸಿ ರಕ್ತವನ್ನು ನೋಡುತ್ತಿದ್ದರು. ದುಂಡನೆಯ ಒಂದು ಕಣದಿಂದ ಎಳೆಗಳು ಚಿಮ್ಮಿ ಚಾಟಿಯ ಹಾಗೆ ಬಡಿಯತೊಡಗಿದವು. ಯಾವ ಬ್ಯಾಕ್ಟೀರಿಯಾವೂ ಹಾಗೆ ಮಾಡುವುದಿಲ್ಲ. ಜನ ನಂಬಲು ವರ್ಷಗಳೇ ಬೇಕಾದವು. ಲಾವೆರಾನ್‌ಗೆ ನೊಬೆಲ್ ಬಂದಿದ್ದು 1907ರಲ್ಲಿ.

ಆ್ಯಂಟಿಬಯಾಟಿಕ್ ತಗೊಂಡ್ರೆ ಅಮೀಬಾ, ಮಲೇರಿಯಾ ಎಲ್ಲಾ ಹೋಗುತ್ತಾ?

ಪೆನ್ಸಿಲಿನ್ ಅಂತೂ ಹೋಗಿಸುವುದಿಲ್ಲ. ಬ್ಯಾಕ್ಟೀರಿಯಾದ ಗೋಡೆ ಪೆಪ್ಟಿಡೋಗ್ಲೈಕನ್ ಎಂಬ ಬಲೆಯಿಂದ ಆಗಿದೆ. ಪೆನ್ಸಿಲಿನ್ ಆ ಬಲೆ ಹೆಣೆಯದಂತೆ ತಡೆಯುತ್ತದೆ. ಗೋಡೆ ಸಡಿಲಾಗಿ, ನೀರು ನುಗ್ಗಿ, ಬ್ಯಾಕ್ಟೀರಿಯಾ ಒಡೆಯುತ್ತದೆ. ಅಮೀಬಾಕ್ಕೆ ಆ ಗೋಡೆಯೇ ಇಲ್ಲ. ಇಲ್ಲದ ಗೋಡೆಯನ್ನು ಕೆಡವುವುದು ಹೇಗೆ?

ಇನ್ನು ಕೆಲವು ಔಷಧಿಗಳು ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ ಹೊಡೆಯುತ್ತವೆ. ಬ್ಯಾಕ್ಟೀರಿಯಾದ ರೈಬೋಸೋಮ್ ಬೇರೆ ಬಗೆಯದು, ಪ್ರೋಟಿಸ್ಟಿನದೂ ನಮ್ಮದೂ ಒಂದೇ ಬಗೆ. ಅದಕ್ಕೇ ಈ ಔಷಧಿಗಳು ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಪ್ರೋಟಿಸ್ಟ್ ರೋಗಗಳಿಗೆ ಔಷಧಿ ಕಂಡುಹಿಡಿಯುವುದು ಕಷ್ಟ ಆಗಿರುವುದೂ ಇದೇ ಕಾರಣಕ್ಕೆ. ಶತ್ರು ನಮ್ಮ ಹತ್ತಿರದ ನೆಂಟ.

ಆದರೆ ಎರಡು ಅಪವಾದಗಳಿವೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾದ ಔಷಧಿ, ಆದರೂ ಮಲೇರಿಯಾ ಬರದಂತೆ ತಡೆಯಲು ಕೊಡುತ್ತಾರೆ. ಪ್ಲಾಸ್ಮೋಡಿಯಂ ಒಳಗೆ ಏಪಿಕೋಪ್ಲಾಸ್ಟ್ ಎಂಬ ಕಣ ಇದೆ. ಅದು ಹಿಂದೆಂದೋ ಒಂದು ಪಾಚಿಯ ಹರಿತ್ತಿನ ಕಣವಾಗಿತ್ತು, ಅದಕ್ಕೂ ಹಿಂದೆ ಸ್ವತಂತ್ರ ಸೈನೋಬ್ಯಾಕ್ಟೀರಿಯಾ ಆಗಿತ್ತು. ಅದರ ರೈಬೋಸೋಮ್ ಇವತ್ತಿಗೂ ಬ್ಯಾಕ್ಟೀರಿಯಾ ಬಗೆಯದೇ. ಔಷಧಿ ಹೊಡೆಯುವುದು ಅಲ್ಲಿಗೆ. ಎರಡನೆಯದು ಮೆಟ್ರೋನಿಡಜೋಲ್. ಇದು ಎಂಟಮೀಬಾ, ಜಿಯಾರ್ಡಿಯಾ ಎಂಬ ಇನ್ನೊಂದು ಕರುಳಿನ ಪ್ರೋಟಿಸ್ಟ್, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಎಲ್ಲಕ್ಕೂ ನಡೆಯುತ್ತದೆ. ಆಮ್ಲಜನಕ ಇಲ್ಲದೆ ಬದುಕುವ ಕೋಶಗಳ ಒಳಗೆ ಹೋದ ಮೇಲೆಯೇ ಅದು ವಿಷವಾಗಿ ಬದಲಾಗುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ, ಪ್ರೋಟಿಸ್ಟ್ ಎಂಬ ಭೇದ ಇಲ್ಲ. ಯಾವುದಕ್ಕೆ ಯಾವ ಮಾತ್ರೆ ಅನ್ನುವುದನ್ನು ವೈದ್ಯರಿಗೇ ಬಿಡಿ.

ನೀರು ಕುದಿಸಿದರೆ ಎರಡೂ ಸಾಯುತ್ತವಾ? ಕ್ಲೋರಿನ್ ಹಾಕಿದರೆ ಸಾಲದಾ?

ಕುಡಿಯುವ ನೀರಿನ ಮಟ್ಟಿಗೆ ಚೆನ್ನಾಗಿ ಕುದಿಸಿದರೆ ಸಾಕು. ಪ್ರೋಟಿಸ್ಟುಗಳು ಕಷ್ಟಕಾಲಕ್ಕೆ ಗಟ್ಟಿ ಚಿಪ್ಪಿನ ಸಿಸ್ಟ್ ಆಗುತ್ತವೆ, ಕುದಿಯುವ ನೀರಿನಲ್ಲಿ ಅವೂ ಸಾಯುತ್ತವೆ. ಕೆಲವು ಬ್ಯಾಕ್ಟೀರಿಯಾದ ಬೀಜಕಗಳು ಮಾತ್ರ ಕುದಿತಕ್ಕೂ ಜಗ್ಗುವುದಿಲ್ಲ. ಡಬ್ಬಿ ಆಹಾರವನ್ನು ಒತ್ತಡದಲ್ಲಿ 121 ಡಿಗ್ರಿಗೆ ಕಾಯಿಸುವುದು ಅವುಗಳ ಸಲುವಾಗಿ.

ಕ್ಲೋರಿನ್ ವಿಷಯದಲ್ಲಿ ಆಟ ತಿರುಗಮುರುಗ. ಸಾಮಾನ್ಯ ಬ್ಯಾಕ್ಟೀರಿಯಾ ಬೇಗ ಸಾಯುತ್ತವೆ. ಕ್ರಿಪ್ಟೋಸ್ಪೋರಿಡಿಯಂ ಎಂಬ ಪ್ರೋಟಿಸ್ಟ್ ಆರಾಮಾಗಿ ಉಳಿಯುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನರಿಗೆ ಇದರಿಂದ ಭೇದಿ ಆಯಿತು.

## ಇನ್ನೂ ಆಳಕ್ಕೆ

ನಮ್ಮ ಪಾಠದಲ್ಲಿ ಪ್ರೋಟಿಸ್ಟಾ ಒಂದು ಸಾಮ್ರಾಜ್ಯ ಅಂತಿದೆ. ಈಗ ಹಾಗೆ ಇಲ್ಲ ಅಂತಾರಲ್ಲ, ಯಾವುದು ಸರಿ?

ಪರೀಕ್ಷೆಯಲ್ಲಿ ಪಾಠದ್ದೇ ಬರೆಯಿರಿ. 1866ರಲ್ಲಿ ಹೆಕೆಲ್ ಪ್ರೋಟಿಸ್ಟಾ ಎಂಬ ಹೆಸರಿಟ್ಟಾಗ ಬ್ಯಾಕ್ಟೀರಿಯಾವೂ ಅದರೊಳಗೇ ಇತ್ತು. 1969ರ ವಿಟ್ಟೇಕರ್ ಅವರ ಐದು ಸಾಮ್ರಾಜ್ಯಗಳಲ್ಲಿ ಬ್ಯಾಕ್ಟೀರಿಯಾ ನ್ಯೂಕ್ಲಿಯಸ್ ಇಲ್ಲದವುಗಳ ಗುಂಪಾದ ಮೊನೆರಾಕ್ಕೆ ಹೋಯಿತು. 1977ರಲ್ಲಿ ವೋಸ್ ಮತ್ತು ಫಾಕ್ಸ್ ಆ ಮೊನೆರಾವನ್ನೂ ಒಡೆದು, ನೋಡಲು ಬ್ಯಾಕ್ಟೀರಿಯಾದ ಹಾಗೇ ಇರುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಬೇರೆಯೇ ಗುಂಪು ಅಂತ ತೋರಿಸಿದರು.

ಡಿಎನ್‌ಎ ಓದಲು ಶುರು ಮಾಡಿದ ಮೇಲೆ ಪ್ರೋಟಿಸ್ಟ್ ಡಬ್ಬಿಯೇ ಚೂರಾಯಿತು. ಅಮೀಬಾ ಪ್ಯಾರಾಮೀಸಿಯಂಗಿಂತ ನಮಗೇ ಹತ್ತಿರ. ಕೆಲ್ಪ್ ಹಸಿರು ಗಿಡಗಳಿಗಿಂತ ಮಲೇರಿಯಾದ ಪ್ಲಾಸ್ಮೋಡಿಯಂಗೆ ಹತ್ತಿರ. ಹಾಗಾಗಿ ಇವತ್ತು ಪ್ರೋಟಿಸ್ಟ್ ಅನ್ನುವುದು ವಂಶದ ಹೆಸರಲ್ಲ, ಅನುಕೂಲಕ್ಕೆ ಬಳಸುವ ಪದ. ಬ್ಯಾಕ್ಟೀರಿಯಾ ಹಾಗಲ್ಲ, ಅದು ನಿಜವಾದ ಒಂದೇ ವಂಶ. ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವ ಕೋಷ್ಟಕಗಳು ಈ ಮಾತನ್ನು ಮುಚ್ಚಿಬಿಡುತ್ತವೆ.

ಮೈಟೋಕಾಂಡ್ರಿಯಾ ಮೊದಲು ಬ್ಯಾಕ್ಟೀರಿಯಾ ಆಗಿತ್ತು ಅನ್ನೋದು ನಿಜಾನಾ, ಊಹೆನಾ?

ಈಗ ಊಹೆ ಅಲ್ಲ. ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಇದನ್ನು ಬರೆದಾಗ ಹಲವು ಪತ್ರಿಕೆಗಳು ಲೇಖನವನ್ನು ವಾಪಸ್ ಕಳಿಸಿದ್ದವು. ಆಮೇಲೆ ಸಾಕ್ಷಿಗಳು ಒಂದೊಂದಾಗಿ ಬಂದವು. ಮೈಟೋಕಾಂಡ್ರಿಯಾಕ್ಕೆ ಸ್ವಂತ ಡಿಎನ್‌ಎ ಇದೆ. ಮನುಷ್ಯರಲ್ಲಿ ಅದು 37 ಜೀನ್‌ಗಳ ಒಂದು ಉಂಗುರ. ಅದರ ರೈಬೋಸೋಮ್ ಬ್ಯಾಕ್ಟೀರಿಯಾದ ವಂಶದ್ದು. ಅದು ಹುಟ್ಟುವುದು ಇನ್ನೊಂದು ಮೈಟೋಕಾಂಡ್ರಿಯಾ ಒಡೆದೇ.

ಇಂಥದ್ದು ಈಚೆಗೂ ನಡೆದಿದೆ. ಬ್ರಾರುಡೋಸ್ಫೇರಾ ಎಂಬ ಸಮುದ್ರದ ಪಾಚಿಯೊಳಗೆ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೈನೋಬ್ಯಾಕ್ಟೀರಿಯಾ ಒಂದಿದೆ. ಅದು ಪಾಚಿಯ ಜೊತೆ ತಾಳ ಹಾಕಿಯೇ ಒಡೆಯುತ್ತದೆ, ತನಗೆ ಬೇಕಾದ ಎಷ್ಟೋ ಪ್ರೋಟೀನುಗಳನ್ನು ಪಾಚಿಯಿಂದಲೇ ತರಿಸಿಕೊಳ್ಳುತ್ತದೆ. 2024ರಲ್ಲಿ ವಿಜ್ಞಾನಿಗಳು ಅದನ್ನು ಬ್ಯಾಕ್ಟೀರಿಯಾ ಅನ್ನುವ ಬದಲು ಕೋಶದ ಅಂಗ ಅಂತಲೇ ಕರೆದು ನೈಟ್ರೋಪ್ಲಾಸ್ಟ್ ಎಂಬ ಹೆಸರು ಕೊಟ್ಟರು.

ಮೈಟೋಕಾಂಡ್ರಿಯಾನೇ ಇಲ್ಲದ ಪ್ರೋಟಿಸ್ಟ್ ಇದೆಯಾ? ಇದ್ದರೆ ಅದು ಬ್ಯಾಕ್ಟೀರಿಯಾ ಆಗಲ್ವಾ?

ಇದೆ. ಚಿಂಚಿಲ್ಲಾ ಎಂಬ ಇಲಿಯಂಥ ಪ್ರಾಣಿಯ ಕರುಳಿನಿಂದ ತೆಗೆದ ಮೋನೋಸರ್ಕೋಮೊನಾಯ್ಡಿಸ್‌ನಲ್ಲಿ ಮೈಟೋಕಾಂಡ್ರಿಯಾದ ಗುರುತೂ ಇಲ್ಲ ಅಂತ 2016ರಲ್ಲಿ ತೋರಿಸಿದರು. ಆದರೆ ನ್ಯೂಕ್ಲಿಯಸ್ ಇದೆ, ಒಂಬತ್ತು ಮತ್ತು ಎರಡರ ಬಾಲವೂ ಇದೆ, ಹಾಗಾಗಿ ಬ್ಯಾಕ್ಟೀರಿಯಾ ಆಗುವುದಿಲ್ಲ. ಇದರ ಪೂರ್ವಜರಿಗೆ ಮೈಟೋಕಾಂಡ್ರಿಯಾ ಇತ್ತು, ನಂತರ ಕಳೆದುಕೊಂಡಿತು. ಅದು ಮಾಡುತ್ತಿದ್ದ ಒಂದು ಅತ್ಯಗತ್ಯ ಕೆಲಸಕ್ಕೆ ಬೇಕಾದ ಜೀನ್‌ಗಳನ್ನು ಎಲ್ಲಿಂದ ತಂದುಕೊಂಡಿತು ಗೊತ್ತಾ? ಬ್ಯಾಕ್ಟೀರಿಯಾದಿಂದ.

ಒಂದರ ಒಳಗೊಂದು ಇರುತ್ತೆ ಅಂದ್ರಲ್ಲ, ನೋಡಿದ ತಜ್ಞರೇ ಮೋಸ ಹೋಗಿದ್ದುಂಟಾ?

ಉಂಟು. ಆಸ್ಟ್ರೇಲಿಯಾದ ಒಂದು ಜಾತಿಯ ಗೆದ್ದಲಿನ ಕರುಳಿನಲ್ಲಿ ಮರದ ಪುಡಿ ನುಂಗುವ ಒಂದು ಪ್ರೋಟಿಸ್ಟ್ ಇದೆ. 1933ರಲ್ಲಿ ಅದನ್ನು ವಿವರಿಸಿದಾಗ ಅದರ ಮೇಲೆ ಉದ್ದ ಬಾಲಗಳೂ ಕಂಡವು, ಮೈತುಂಬ ಗಿಡ್ಡ ರೋಮಗಳೂ ಕಂಡವು. ಎರಡೂ ಒಂದೇ ಜೀವಿಯಲ್ಲಿ ಇರುವುದು ವಿಚಿತ್ರ ಅನಿಸಿ ಮಿಕ್ಸೋಟ್ರೈಕಾ ಪ್ಯಾರಡಾಕ್ಸಾ ಅಂತ ಹೆಸರಿಟ್ಟರು. "ಬೆರಕೆ ಕೂದಲಿನ ವಿಚಿತ್ರ" ಅಂದ ಹಾಗೆ.

1964ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ರೋಮಗಳನ್ನು ನೋಡಿದರು. ಒಂಬತ್ತು ಮತ್ತು ಎರಡರ ಜೋಡಣೆ ಅವುಗಳಲ್ಲಿ ಇರಲಿಲ್ಲ. ಅವು ರೋಮಗಳೇ ಅಲ್ಲ, ಸುರುಳಿಯಾಕಾರದ ಬ್ಯಾಕ್ಟೀರಿಯಾ. ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಮೈಗೆ ಅಂಟಿಕೊಂಡು, ಒಟ್ಟಿಗೆ ಅಲೆಯಾಗಿ ಬಳುಕುತ್ತಾ ಈ ಪ್ರೋಟಿಸ್ಟನ್ನು ಹೊತ್ತು ಸಾಗುತ್ತವೆ. ಮುಂದಿರುವ ಸ್ವಂತ ಬಾಲಗಳು ನಾಲ್ಕೇ. ಅವುಗಳ ಕೆಲಸ ಬರೀ ದಿಕ್ಕು ತಿರುಗಿಸುವುದು.